ಜನರ ಸಾಲಿನಲ್ಲಿ ಇನ್ನೂರ ಐವತ್ತೆಂಟು

ಕಲ್ಕತ್ತೆಯ ಅಂಚಿನ ಜೌಗು ನೆಲದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿ, ರಾಜಾರ್‌ಹಾಟ್‌ನಲ್ಲಿ ಇನ್ನೂ ದೊಡ್ಡ ಕಂಪನಿ, ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಮನೆಗೆ ಮಾತ್ರ ಆ ಕಂಪ್ಯೂಟರುಗಳು ಎಷ್ಟು ಬಿಸಿಯಾಗುತ್ತವೆ ಎಂಬ ಸುದ್ದಿಯಷ್ಟೇ ಬರುತ್ತಿತ್ತು. ಹೊಸ ಆಫೀಸಿಗೆ ಎಷ್ಟು ದೊಡ್ಡ ಏಸಿ ಬೇಕು ಎಂದು ಲೆಕ್ಕ ಹಾಕುವುದೇ ಅಪ್ಪನ ಕೆಲಸ.

"ಗಾಜು ಹಚ್ಚಿ ಬಿಸಲು ಒಳಗ ಕರೀತಾರ, ಆಮ್ಯಾಲೆ ಅದನ್ನ ಹೊರಗ ಹಾಕ್ಲಿಕ್ಕೆ ನನ್ನ ಕರೀತಾರ" ಎಂದು ಅಪ್ಪ ನಗುತ್ತಿದ್ದರು.

ಅಪ್ಪ ಧಾರವಾಡದವರು. ಮೊದಲು ಬಾಯ್ಲರ್ ಕಾರ್ಖಾನೆಯಲ್ಲಿದ್ದುದರಿಂದ ಅವರ ಕೈ ಓಡುತ್ತಿದ್ದುದು ಕಿಲೋಕ್ಯಾಲರಿಯಲ್ಲಿ. ಹೊರದೇಶದಿಂದ ಬರುವ ನಕ್ಷೆಗಳಲ್ಲಿ ಬಿಟಿಯು. ಕರೆಂಟಿನವರ ಅರ್ಜಿಯಲ್ಲಿ ಕಿಲೋವಾಟ್. ಅದೇ ಶಾಖಕ್ಕೆ ಮೂರು ಹೆಸರು. ಸಂಜೆ ಝಾಲ್‌ಮುಡಿಯ, ಅಂದರೆ ಖಾರ ಚುರುಮುರಿಯ ಪೊಟ್ಟಣ ಬಿಚ್ಚಿಟ್ಟು ಅಪ್ಪ ತಮ್ಮ ಕಿಲೋಕ್ಯಾಲರಿ ಅಂಕಿಗಳನ್ನು ಓದುತ್ತಿದ್ದರು, ನಾನು ಕ್ಯಾಲ್ಕ್ಯುಲೇಟರಿನಲ್ಲಿ ಎಂಟುನೂರ ಅರವತ್ತರಿಂದ ಭಾಗಿಸಿ ಕಿಲೋವಾಟ್ ಹೇಳುತ್ತಿದ್ದೆ. ಸಾಸಿವೆ ಎಣ್ಣೆಯ ಘಾಟು ಮೂಗಿಗೆ, ಖಾರ ಬೆರಳಿಗೆ, ಬೆರಳಿನಿಂದ ಗುಂಡಿಗಳಿಗೆ. ಎಂಟರ ಗುಂಡಿ ಸದಾ ಅಂಟಂಟು.

"ಶುರುವಾತು ನೋಡು ಅಪ್ಪಾ ಮಗಳದು" ಎಂದು ಅಡುಗೆಮನೆಯಿಂದ ಅವ್ವ ಗೊಣಗುತ್ತಿದ್ದಳು. "ಊರಿಗೆಲ್ಲ ತಂಪು ಮಾಡ್ತೀರಿ, ನಮ್ಮನಿ ಮಾತ್ರ ಒಲಿ." ಸುಳ್ಳಲ್ಲ. ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಮೂರನೇ ಮಹಡಿ, ತಲೆಯ ಮೇಲೆ ಬರೀ ತಾರಸಿ. ಮೇ ತಿಂಗಳಲ್ಲಿ ರೊಟ್ಟಿ ಬಡಿಯುತ್ತ ಕೂತರೆ ಅವ್ವನ ಕುಪ್ಪಸ ಹಿಂಡುವಷ್ಟು ತೊಯ್ಯುತ್ತಿತ್ತು.

ಮನುಷ್ಯರೂ ಲೆಕ್ಕಕ್ಕೆ ಬರುತ್ತಾರೆಂದು ನನಗೆ ತಿಳಿದದ್ದು ಆ ಸಂಜೆಗಳಲ್ಲೇ. "ಮನಷಾ ಸುಮ್ಮನ ಕೂತ್ರೂ ನೂರು ವಾಟಿನ ಬಲ್ಬಿನಷ್ಟು ಶಾಖ ಬಿಡ್ತಾನ" ಎಂದಿದ್ದರು ಅಪ್ಪ. ಅದಕ್ಕೇ ಲೆಕ್ಕದ ಫಾರಮ್ಮಿನಲ್ಲಿ ಗೋಡೆ, ಕಿಟಕಿಗಳ ಕೆಳಗೆ 'ಜನ' ಎಂದೊಂದು ಸಾಲು. ತಲೆಗೆ ನೂರು ವಾಟ್, ಸಾಹೇಬನಾದರೂ ಅಷ್ಟೇ, ಚಹಾ ತರುವವನಾದರೂ ಅಷ್ಟೇ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಚಳಿ ಇಳಿಯುವ ಹೊತ್ತಿಗೆ, ಅವ್ವ ಕಾಮಾಲೆಯಿಂದ ತೀರಿಕೊಂಡಳು. ಹನ್ನೆರಡು ದಿನ ಆಸ್ಪತ್ರೆ, ಮುಗಿಯಿತು. ನಾನು ಅಳಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ ನೋಡಿ ಹೋದರು. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇತ್ತು ನನಗೆ. ಅಪ್ಪನೂ ಅಳಲಿಲ್ಲ. ಅವ್ವನ ಹೆಸರನ್ನೇ ಎತ್ತಲಿಲ್ಲ. ಪಕ್ಕದ ಮನೆಯ ಕಾಕಿಮಾ ಕಳಿಸುತ್ತಿದ್ದ ಮಾವಿನಕಾಯಿ ಹಾಕಿದ ಬೇಳೆಯನ್ನು ಇಬ್ಬರೂ ಅನ್ನಕ್ಕೆ ಕಲಸಿ ಉಣ್ಣುತ್ತಿದ್ದೆವು. ಹುಳಿಯೋ ಸಿಹಿಯೋ ಗೊತ್ತಾಗುತ್ತಿರಲಿಲ್ಲ. ಡಬ್ಬಿಯಲ್ಲಿದ್ದ ಜೋಳದ ಹಿಟ್ಟಿಗೆ ನುಸಿ ಬಿದ್ದಿತು. ಇಬ್ಬರೂ ನೋಡಿ ಮುಚ್ಚಳ ಮುಚ್ಚಿದೆವು. ಕೆಳಗೆ ಹುಡುಗಿಯರು ಕುಮೀರ್‌ಡಾಂಗಾ ಆಡುತ್ತ ನನ್ನನ್ನು ಕೂಗುತ್ತಿದ್ದರು. ಮೆಟ್ಟಿಲ ಮೇಲೆ ಹತ್ತಿದವರನ್ನು ಮೊಸಳೆ ಮುಟ್ಟುವಂತಿಲ್ಲ ಎಂಬ ಆಟ ಅದು. ನಾನು ಹೋಗಲಿಲ್ಲ.

ಆಗಲೇ ಹುಬ್ಬಳ್ಳಿಯಿಂದ ಮೌಶಿಯ, ಅಂದರೆ ಅವ್ವನ ಅಕ್ಕನ ಫೋನು ಶುರುವಾಯಿತು. ಆಕೆಯ ದನಿ ದೊಡ್ಡದು, ರಿಸೀವರಿನಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ಹೆಣ್ಣುಹುಡುಗಿ. ನೀವು ಮುಂಜಾನೆ ಹೋದವ್ರು ಯಾವಾಗ ಬರ್ತೀರೋ ಏನೋ. ಜೂನಿಗೆ ಇಲ್ಲೇ ಸಾಲಿಗೆ ಹಾಕೋಣ, ಕಳಸ್ರಿ."

"ನೋಡೋಣ್ರಿ" ಎನ್ನುತ್ತಿದ್ದರು ಅಪ್ಪ.

ಮೌಶಿ ಕೆಟ್ಟವಳಲ್ಲ. ಆದರೆ ನನಗೆ ಹೋಗುವುದು ಬೇಡವಾಗಿತ್ತು. ಬೇರೆ ಯಾವುದೂ ತಾಕದಿದ್ದ ಆ ದಿನಗಳಲ್ಲಿ ಇದೊಂದು ತಾಕುತ್ತಿತ್ತು. ಕಳಿಸುತ್ತೀರಾ ಎಂದು ಕೇಳಲು ಮಾತ್ರ ಧೈರ್ಯವಿರಲಿಲ್ಲ. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾರೋ ಎಂಬ ಹೆದರಿಕೆ. ಅಪ್ಪನೂ ಹೇಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಟೇಪು ತೆಗೆದು ನಮ್ಮ ಮಲಗುವ ಕೋಣೆಯನ್ನೇ ಅಳೆಯತೊಡಗಿದರು.

"ಏಸಿ ಹಾಕಸೋಣ ಪುಟ್ಟವ್ವ" ಎಂದರು.

ಅವ್ವ ಹೋದ ಮೇಲೆ! ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಬೇಕಿತ್ತು. ಯಾರಾದರೂ ಆಗಿದ್ದರೆ ಅಂದಾಜಿನಲ್ಲಿ ಒಂದು ಏಸಿ ತಂದು ಸಿಕ್ಕಿಸುತ್ತಿದ್ದರು. ಅಪ್ಪ ಆಫೀಸಿನ ಫಾರಮ್ಮನ್ನೇ ತಂದು ಹಾಸಿಗೆಯ ಮೇಲೆ ಕೂತರು. ನಾನು ಕ್ಯಾಲ್ಕ್ಯುಲೇಟರ್ ಹಿಡಿದೆ. ಆ ಚಳಿಗಾಲದ ನಂತರ ಅದೇ ಮೊದಲು. ಎಂಟರ ಗುಂಡಿ ಈಗ ಅಂಟುತ್ತಿರಲಿಲ್ಲ.

"ತಾರಸಿ, ಹನ್ನೆರಡುನೂರ ತೊಂಬತ್ತು."

"ಒಂದೂವರೆ."

"ಗೋಡೆ, ಆರುನೂರ ಎರಡು."

"ಸೊನ್ನೆ ಪಾಯಿಂಟ್ ಏಳು."

"ಕಿಟಕಿ, ನಾನೂರ ಮೂವತ್ತು."

"ಅರ್ಧ."

ಮುಂದಿನ ಸಾಲು 'ಜನ' ಎಂದು ನನಗೆ ಗೊತ್ತಿತ್ತು. ನೂರು ವಾಟ್ ಬಂದರೆ ಈ ಕೋಣೆಯಲ್ಲಿ ಅಪ್ಪ ಒಬ್ಬರೇ, ನಾನು ಹುಬ್ಬಳ್ಳಿಗೆ. ಇನ್ನೂರು ಬಂದರೆ ಇಲ್ಲೇ.

"ಜನ, ಇನ್ನೂರ ಐವತ್ತೆಂಟು."

ಒತ್ತಿದೆ. ತಪ್ಪು ಒತ್ತಿದೆನೆಂದು ಅಳಿಸಿ ಮತ್ತೆ ಒತ್ತಿದೆ.

"ಸೊನ್ನೆ ಪಾಯಿಂಟ್ ಮೂರು."

"ಹಾಂ. ಮುಂದ, ಫ್ಯಾನು ಲೈಟು..."

"ಅಪ್ಪಾ, ಮುನ್ನೂರು ವಾಟ್. ಮೂರು ಮಂದಿ ಆಗ್ತದ."

ಪೆನ್ನು ನಿಂತಿತು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಆ ಕೈ ಇನ್ನೂರ ಐವತ್ತೆಂಟರ ಮೇಲೆ ಒಂದು ಗೆರೆ ಎಳೆದು ಪಕ್ಕಕ್ಕೆ ಬೇರೆ ಅಂಕಿ ಬರೆಯಿತು.

"ನೂರ ಎಪ್ಪತ್ತೆರಡು. ಎಷ್ಟು ಬಂತು?"

"ಸೊನ್ನೆ ಪಾಯಿಂಟ್ ಎರಡು."

"ಅಷ್ಟ. ನಾವಿಬ್ಬರ" ಎಂದರು ಅಪ್ಪ. ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು, ತುಂಬ ಹೊತ್ತಾದರೂ ನಿಲ್ಲಲಿಲ್ಲ.

ಈಗ ನಿಜ ಹೇಳುತ್ತೇನೆ. ಅವ್ವನನ್ನು ಹೊಡೆದುಹಾಕಿದ ಆ ಗೆರೆ ನೋಡಿ ನನಗೆ ಖುಷಿಯಾಯಿತು. ಚಳಿಗಾಲದಿಂದ ಈಚೆಗೆ ನನಗೆ ಆದ ಮೊದಲ ಖುಷಿ ಅದು. ಖುಷಿಯಾಯಿತಲ್ಲ ಎಂದು ಹೊಳೆದ ಮೇಲೇ ಅಳು ಬಂದದ್ದು. ಕ್ಯಾಲ್ಕ್ಯುಲೇಟರ್ ಮೇಲೆ ಬೋರಲು ಬಿದ್ದು ಅತ್ತೆ. ಆಚೆ ನಲ್ಲಿ ಹರಿಯುತ್ತಲೇ ಇತ್ತು. ಆ ಸಂಜೆ ಅಪ್ಪ ಹುಬ್ಬಳ್ಳಿಗೆ ಫೋನು ಮಾಡಿ "ಆಕಿ ಇಲ್ಲೇ ಇರ್ತಾಳ್ರಿ" ಎಂದರು.

ಕೋಣೆಗೆ ಒಂದು ಟನ್ನಿನ ಏಸಿ ಬಂತು. ಒಂದು ಟನ್ನೆಂದರೆ ಮೂರೂವರೆ ಕಿಲೋವಾಟ್ ಶಾಖ. ನಮ್ಮ ಲೆಕ್ಕದ ಮೊತ್ತ ಮೂರರ ಮೇಲೆ ಚೂರು. ನೂರು ವಾಟ್ ಸೇರಿಸಿದರೂ ಅದೇ ಯಂತ್ರ, ಕಳೆದರೂ ಅದೇ ಯಂತ್ರ. ಇದು ಅಪ್ಪನಿಗೆ ಮೊದಲೇ ಗೊತ್ತಿತ್ತು. ಆ ಅಂಕಿಯನ್ನು ತಿದ್ದುವ ಅಗತ್ಯವೇ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವ್ವ ಆ ಕಾಗದದಲ್ಲಾದರೂ ಉಳಿಯುತ್ತಿದ್ದಳು.

ಅಪ್ಪನೂ ಹೋಗಿ ಈಗ ಮೂರು ವರ್ಷ. ಆ ಜೌಗು ನೆಲದಲ್ಲಿ ಎದ್ದ ನ್ಯೂ ಟೌನ್‌ನ ಹದಿನಾಲ್ಕನೇ ಮಹಡಿಯಲ್ಲಿ ನನ್ನ ಮನೆ. ಬಿಟಿಯುವನ್ನು ಕಿಲೋವಾಟ್ ಮಾಡಲು ಫೋನಿನ ಮೇಲೆ ಒಂದು ಬೆರಳು ಸಾಕು, ಎದುರಿಗೆ ಕೂತು ಓದುವವರು ಬೇಕಿಲ್ಲ. ಹೋದ ತಿಂಗಳು ಏಸಿ ಹಾಕಲು ಬಂದ ಹುಡುಗ ಬಾಗಿಲಲ್ಲೇ ನಿಂತು ಕೋಣೆಯನ್ನು ಕಣ್ಣಳತೆಯಲ್ಲಿ ನೋಡಿದ. "ದೇಡ್ ಟನ್, ದೀದಿ" ಎಂದ, ಒಂದೂವರೆ ಟನ್. ನಾನು ಕಾದೆ. ಮೂರು ಎಂಬ ಉತ್ತರ ಬಾಯಲ್ಲೇ ಇತ್ತು. ಎಷ್ಟು ಜನ ಎಂದು ಅವನು ಕೇಳಲೇ ಇಲ್ಲ.