ಸಾಯಲೊಲ್ಲದ ಕ್ಯಾಮ್ರಿ

ಹೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಚನ್ನಮಲ್ಲಪ್ಪನವರಿಗೆ ಟೊಯೋಟಾ ಕಂಪನಿಯಿಂದ ಇವತ್ತಿನವರೆಗೆ ಒಂದು ಕೀಚೈನೂ ಬಂದಿಲ್ಲ. ಆದರೂ ಹೂಸ್ಟನ್ನಿನ ಕನ್ನಡಿಗರಿಗೆಲ್ಲ ಅವರು ಟೊಯೋಟಾ ಮಲ್ಲಪ್ಪ. ಪೈಪ್‌ಲೈನ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿರುವ ಎಂಜಿನಿಯರು. ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಟೊಯೋಟಾದ ಮೂಲಪುರುಷರೂ ಮಗ್ಗದವರೇ ಎಂದು ಎಲ್ಲೋ ಓದಿದ್ದೇ ತಡ, ಜಪಾನಿನವರು ಅವರಿಗೆ ಬೀಗರಾಗಿಬಿಟ್ಟರು.

ಅವರ ಮಾತು ಕೇಳಿ ಹನ್ನೊಂದು ಮನೆಯವರು ಟೊಯೋಟಾ ಕೊಂಡರು. ಆ ಹುರುಪಿನಲ್ಲಿ ಒಂದು ಆಯುಧಪೂಜೆಯ ದಿನ, ಗುಡಿಯ ಪಾರ್ಕಿಂಗ್ ಲಾಟಿನಲ್ಲಿ ತಮ್ಮ 2003ರ ಟೊಯೋಟಾ ಕ್ಯಾಮ್ರಿಯ ಗಾಲಿಗೆ ನಿಂಬೆಹಣ್ಣು ಇಡುತ್ತ, ಎಲ್ಲರೆದುರು ನುಡಿದೂ ಬಿಟ್ಟರು: "ಈ ಗಾಡಿ ಇರೋತನಕ ನಾ ಬ್ಯಾರೆ ಗಾಡಿ ಮುಟ್ಟಂಗಿಲ್ಲ!"

ಜನ ಅದನ್ನು ಭಾಷಣ ಎಂದುಕೊಂಡರು. ಹೆಂಡತಿ ಸುಮಿತ್ರವ್ವ ಹರಕೆ ಎಂದುಕೊಂಡರು.

ಅಲ್ಲಿಂದ ಹತ್ತು ವರ್ಷ. ಚನ್ನಮಲ್ಲಪ್ಪನವರಿಗೆ ಐವತ್ತಾರಾಯಿತು. ಛಾವಣಿ ಬಿಚ್ಚಿಕೊಳ್ಳುವ ಒಂದು ಕೆಂಪು ಕಾರು, ಅಮೆರಿಕದ್ದೇ, ಮನಸ್ಸಿಗೆ ಹೊಕ್ಕು ಕುಳಿತಿತ್ತು. ಹೂಸ್ಟನ್ನಿನ ಬಿಸಿಲಿನಲ್ಲಿ ಛಾವಣಿ ಬಿಚ್ಚಿದರೆ ಬೋಳು ತಲೆಯ ಮೇಲೆ ದೋಸೆ ಹುಯ್ಯಬಹುದು ಎಂಬುದು ಗೊತ್ತಿದ್ದೂ ಬೇಕಾಗಿತ್ತು. ಆದರೆ ಕ್ಯಾಮ್ರಿ ಮೂರು ಲಕ್ಷ ಎಂಬತ್ತು ಸಾವಿರ ಮೈಲಿ ದಾಟಿಯೂ ಒಮ್ಮೆ ಕೆಮ್ಮಿರಲಿಲ್ಲ. ವರ್ಷವಿಡೀ ಆಯಿಲ್ ಬದಲಿಸದೆ ನೋಡಿದರು. ಅದು ಓಡಿತು.

ಆಸ್ಟಿನ್ನಿನಲ್ಲಿ ಓದುವ ಮಗಳು ನಿಧಿ ಫೋನಿನಲ್ಲಿ, "ಡ್ಯಾಡ್, ಜಸ್ಟ್ ಸೆಲ್ ಇಟ್" ಎಂದಳು.

ಪಕ್ಕದಲ್ಲೇ ಇದ್ದ ಸುಮಿತ್ರವ್ವ ಕೇಳಿಸಿಕೊಂಡರು. "ಮಾರ್ತೀರೇನು? ದೇವರ ಮುಂದ ಆಡಿದ ಮಾತು ಅದು. ನೀವು ಮಾರಿದ್ರ ಆ ಹನ್ನೊಂದು ಮನಿಯವರು ಏನಂದಾರು?"

ಹೀಗಿರುವಾಗ ಡಾಲಸ್ ಪಕ್ಕದ ಕಾಪೆಲ್‌ನ ಕನ್ನಡ ಕೂಟದಿಂದ ಕರೆ ಬಂತು: 'ಟೊಯೋಟಾ ಗೆದ್ದ ಕಥೆ' ಎಂದು ಭಾಷಣ ಮಾಡಬೇಕು, ಶನಿವಾರ ಬೆಳಿಗ್ಗೆ ಹತ್ತಕ್ಕೆ. ಅವರೊಬ್ಬರೇ ನಸುಕಿನಲ್ಲಿ ಹೊರಟರು. ಕಾಪೆಲ್ ಮುಟ್ಟುವಷ್ಟರಲ್ಲಿ ಹವಾಮಾನದ ಎಚ್ಚರಿಕೆಗೆ ಫೋನು ಕಿರುಚಿತು: ಡಾಲಸ್ ಸುತ್ತ ದೊಡ್ಡ ಆಲಿಕಲ್ಲು ಬೀಳಲಿದೆ. ಟೆಕ್ಸಸ್ಸಿನ ಆಲಿಕಲ್ಲು ಹಳೆಯ ಕಾರಿನ ಮೇಲೆ ಬಿದ್ದರೆ ಇನ್ಶೂರೆನ್ಸಿನವರು ರಿಪೇರಿಗೆ ಬಾಳುವುದಿಲ್ಲ, ಗಾಡಿ ಸತ್ತಿದೆ ಎಂದು ಒಂದೇ ಮಾತಿನಲ್ಲಿ ಬರೆದುಕೊಡುತ್ತಾರೆ. ಸಾವಿಗೆ ಸರ್ಟಿಫಿಕೇಟ್ ಇದ್ದರೆ ಹರಕೆ ತೀರಿದಂತೆಯೇ! ಅವರು ಕ್ಯಾಮ್ರಿಯನ್ನು ನಟ್ಟನಡು ಬಯಲಿನಲ್ಲಿ, ಗಿಡದ ನೆರಳೂ ಬೀಳದ ಕಡೆ ನಿಲ್ಲಿಸಿ ಸಭಾಭವನದ ಒಳಗೆ ನಡೆದರು. ಕೀಲಿಯನ್ನು ಭಾಷಣದ ಮೇಜಿನ ಮೇಲಿಟ್ಟರು.

"ನೂಲು ಹರಿದ್ರ ತಾನಾಗೇ ನಿಲ್ಲೋ ಮಗ್ಗ ಮಾಡಿದ್ರು ಅಪ್ಪ," ಎಂದು ಟೊಯೋಟಾದವರ ಕಥೆ ಶುರುಮಾಡಿದರು. " ಮಗ ಕಾರಿಗೆ ಕೈ ಹಾಕಿದ. ಮೊದಲನೇ ಸಲ ಅಮೆರಿಕಾಕ್ಕ ತಂದಾಗ ಇಲ್ಲಿ ಹೈವೇದಾಗ ಏದುಸಿರು ಬಿಟ್ಟಿತ್ರಿ ಅವರ ಗಾಡಿ! ನಾಚಿಕಿ ಬಿಟ್ಟು ಕಲತ್ರು. ಈಗ ನೋಡ್ರಿ, ಇಲ್ಲೇ ಬಾಜೂ ಊರು ಪ್ಲೇನೋದಾಗ ಅವರ ಅಮೆರಿಕಾದ ಹೆಡ್ಡಾಫೀಸು..."

ತಗಡಿನ ಛಾವಣಿಯ ಮೇಲೆ ಕಲ್ಲು ಸುರಿದಂತೆ ಸದ್ದಾಯಿತು. ಸಭೆ ಎದ್ದು ಬಾಗಿಲಿಗೆ ಓಡಿತು. ಚನ್ನಮಲ್ಲಪ್ಪನವರು ಮಾತ್ರ ಕದಲದೆ, ಮುಖದಲ್ಲಿ ಅಪೂರ್ವ ಶಾಂತಿ ತುಂಬಿಕೊಂಡು, ಖಾಲಿ ಕುರ್ಚಿಗಳಿಗೆ ಕೊರೊಲ್ಲಾದ ಚರಿತ್ರೆ ಹೇಳತೊಡಗಿದರು.

ಹದಿನೈದು ನಿಮಿಷದ ಮೇಲೆ ಚಂದ್ರಮೋಹನ ತೊಯ್ದು ತೊಪ್ಪೆಯಾಗಿ ಒಳಬಂದ. ಸೈಪ್ರೆಸ್‌ನವನು, ಕೇಟಿಗೆ ಹತ್ತಿರದ ಊರು, ಭಾಷಣ ಕೇಳಲೆಂದೇ ತನ್ನ ಮೂರು ವಾರದ ಹೊಸ ಕಾರಿನಲ್ಲಿ ಬಂದಿದ್ದ. ಹಣೆಯ ಮೇಲೆ ಆಲಿಕಲ್ಲಿನ ಪೆಟ್ಟಿಗೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು.

"ಕಾಳಜಿ ಬಿಡ್ರಿ ಅಣ್ಣಾರ! ನೀವು ಭಾಷಣದ ಗುಂಗಿನ್ಯಾಗ ಇದ್ರಿ. ಕೀಲಿ ಎತ್ಕೊಂಡು ಓಡಿ, ನಿಮ್ಮ ಕ್ಯಾಮ್ರಿ ಪೋರ್ಚಿನ ಕೆಳಗ ತಂದು ನಿಲ್ಸೀನಿ. ಒಂದು ಗೀರೂ ಬಿದ್ದಿಲ್ಲ."

ಚನ್ನಮಲ್ಲಪ್ಪನವರು ಕೊರೊಲ್ಲಾವನ್ನು ಅರ್ಧಕ್ಕೇ ಬಿಟ್ಟರು. "ನಿಂದು?"

"ಪೋರ್ಚಿನ್ಯಾಗ ಜಾಗ ಒಂದೇ ಇತ್ತಲ್ರಿ. ನಂದು ಗಾಜು ಹೋತು, ಟಾಪೆಲ್ಲ ತಗ್ಗುದಿನ್ನಿ ಆತು. ಇರ್ಲಿ ಬಿಡ್ರಿ. ನಿಮ್ಮ ಕ್ಯಾಮ್ರಿಯಂಥಾ ಗಾಡಿ ಮತ್ತ ಸಿಗತದೇನ್ರಿ?"

ಸಭೆ ಚಪ್ಪಾಳೆ ತಟ್ಟಿತು. ಯಾರೋ ಕ್ಯಾಮ್ರಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು.

ವಾಪಸ್ಸು ಹೊರಟಾಗ ಚಂದ್ರಮೋಹನನೂ ಅದರಲ್ಲೇ ಹತ್ತಿದ. ಅವನಿಗೆ ಬೇರೆ ಗಾಡಿ ಎಲ್ಲಿತ್ತು? ನೂರು ಮೈಲಿ ದಾಟಿದ ಮೇಲೆ ಚನ್ನಮಲ್ಲಪ್ಪನವರು ತಡೆಯಲಾರದೆ ಬಾಯಿಬಿಟ್ಟರು.

"ತಮ್ಮಾ, ಖರೇ ಹೇಳ್ತೀನಿ. ನಾನಽ ಬೇಕಂತ ಬಯಲಾಗ ನಿಲ್ಲಿಸಿದ್ದೆ. ಹಾಳಾಗಿ ಹೋಗ್ಲಿ ಅಂತ."

ಚಂದ್ರಮೋಹನ ಡ್ಯಾಶ್‌ಬೋರ್ಡು ಬಡಿದು ನಕ್ಕ. "ನನ್ನ ಮನಸ್ಸು ಹಗುರ ಆಗ್ಲಿ ಅಂತ ಎಂಥಾ ಸುಳ್ಳು ಹೇಳ್ತೀರಿ ಅಣ್ಣಾರ! ಎಷ್ಟು ದೊಡ್ಡ ಗುಣ ನಿಮ್ದು!" ಅಲ್ಲೇ ಅದನ್ನು ವಾಟ್ಸಾಪ್ ಗುಂಪಿಗೂ ಹಾಕಿದ. ಕೇಟಿ ಬರುವಷ್ಟರಲ್ಲಿ ನಲವತ್ತು ಜನ ಕೈಮುಗಿದಿದ್ದರು.

ಮನೆಯ ಮುಂದೆ ಇನ್ನೂ ಬಿಸಿಲಿತ್ತು. ಚಂದ್ರಮೋಹನ ನಗುತ್ತಲೇ ಇಳಿದ. ಸುಮಿತ್ರವ್ವ ಕೆಂಪು ನೀರಿನ ಆರತಿ ತಟ್ಟೆ ಹಿಡಿದು ಡ್ರೈವ್‌ವೇಯಲ್ಲಿ ಕಾದಿದ್ದರು. ಚನ್ನಮಲ್ಲಪ್ಪನವರು ಬೆಲ್ಟು ಬಿಚ್ಚಿ ಬಾಗಿಲಿಗೆ ಕೈ ಹಾಕಿದರು.

"ಏ, ಇಳೀಬ್ಯಾಡ್ರಿ!" ಸುಮಿತ್ರವ್ವ ಕೂಗಿದರು. "ಊರ ಮಂದಿ ಕಣ್ಣೆಲ್ಲ ಇದರ ಮ್ಯಾಲ ಬಿದ್ದದ. ದೃಷ್ಟಿ ತಗೀತೀನಿ, ಒಳಗಽ ಕುಂದರ್ರಿ."

ಚನ್ನಮಲ್ಲಪ್ಪನವರು ಬಾಗಿಲು ಎಳೆದುಕೊಂಡು ಮತ್ತೆ ಕ್ಯಾಮ್ರಿಯೊಳಗೇ ಕುಳಿತರು.