ಬಿಳಿ ಮರಿಗೆ ಹಚ್ಚಿದ ಮಸಿ

ಮಾಧವರಂನಲ್ಲಿ ನಮ್ಮ ಪಕ್ಕದ ಮನೆಯಿದ್ದ ಜಾಗದಲ್ಲಿ ಈಗ ಫ್ಲಾಟುಗಳು ಎದ್ದಿವೆ. ಆಗ ಅಲ್ಲಿನ ಹಿತ್ತಲ ತುಂಬ ಆ ಮನೆಯಮ್ಮನ ಕೋಳಿಗಳಿದ್ದವು. ಒಂದೊಂದನ್ನೂ 'ಕಣ್ಣೇ' ಎಂದು ಮುದ್ದಿನಿಂದ ಕರೆದು ಅಕ್ಕಿನುಚ್ಚು ಎರಚುತ್ತಿದ್ದರು. ಅಳಿಲು ಬಂದು ತಿಂದರೂ, "ಅದೂ ಒಂದು ಉಸಿರು ತಾನೇ" ಎನ್ನುತ್ತಿದ್ದರು.

ಅವರ ಕರಿ ಹೇಂಟೆಯ ಮರಿಗಳಲ್ಲಿ ಆಗಾಗ ಒಂದು ಅಚ್ಚ ಬಿಳಿಯದು, ಗುಲಾಬಿ ಕಣ್ಣಿನದು ಹುಟ್ಟುತ್ತಿತ್ತು. ತಾಯಿಯೇ ಅದನ್ನು ಕುಕ್ಕುತ್ತಿತ್ತು. ಹಿಂದಿನ ಎರಡು ಹಾಗೆಯೇ ಸತ್ತಿದ್ದವು. ಮೂರನೆಯದನ್ನು ಆ ಅಮ್ಮ ಅಂಗೈಯಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೇ ಬಂದರು. ಅದರ ನೆತ್ತಿಯಲ್ಲಿ ರಕ್ತ ಜಿನುಗುತ್ತಿತ್ತು. ನನಗೆ ತೋಚಿದ್ದು ವಿಭೂತಿ ಒಂದೇ, ಅದನ್ನೇ ಒಳಗಿನಿಂದ ತಂದುಕೊಟ್ಟೆ.

"ಅಯ್ಯೋ, ಬೆಳ್ಳಗಿರೋದೇ ಮಾ ಅದರ ತೊಂದರೆ! ಮಸಿ ಇದ್ರೆ ಕೊಡು."

ದೇವರ ದೀಪದ ಗೂಡಿನಿಂದ ಮಸಿ ಕೆರೆದು ಕೊಟ್ಟೆ. ಗಾಯವೊಂದನ್ನು ಬಿಟ್ಟು ಮೈಗೆಲ್ಲ ಸವರಿ, ಮರಿಯನ್ನು ಹೇಂಟೆಯ ಮುಂದೆ ಬಿಟ್ಟರು.

"ನೋಡು ಕಣ್ಣೇ, ನಿನ್ ಬಣ್ಣಾನೇ."

ಹೇಂಟೆ ಕತ್ತು ಓರೆ ಮಾಡಿ ನೋಡಿತು. ನಾನು ಶಿವ ಶಿವಾ ಎಂದುಕೊಳ್ಳುತ್ತಿದ್ದೆ. ಆಮೇಲೆ ಅದು ರೆಕ್ಕೆ ಅಗಲಿಸಿತು, ಮರಿ ಒಳಗೆ ನುಗ್ಗಿತು.

ಆ ಅಮ್ಮ ಮಸಿಗೈಯಲ್ಲೇ ಕಣ್ಣೊರೆಸಿಕೊಂಡರು. ಕೆನ್ನೆಯೆಲ್ಲ ಕಪ್ಪಾಯಿತು. ನಾನು ಹೇಳಲಿಲ್ಲ, ಹಾಗೆಯೇ ಚೆಂದ ಕಾಣುತ್ತಿದ್ದರು.