ಬಾಗಿಲು ಬರೆದಿಟ್ಟ ಹೊತ್ತು

ಚಿಕ್ಕಮ್ಮ ಬ್ಯಾಂಕಿನ ವಿದೇಶಿ ವಿಭಾಗದಲ್ಲಿದ್ದಾಗ ಅವಳ ಅಡ್ಡಹೆಸರು ಕೆಂಪಮ್ಮ. ಬೆಳಗಾದರೆ ಅಲ್ಲಿನ ಕಂಪ್ಯೂಟರು ಹೊರದೇಶದ ಒಂದೊಂದು ಬ್ಯಾಂಕಿಗೂ ಒಂದೊಂದು ಬಣ್ಣ ಕೊಡುತ್ತಿತ್ತು. ಹಸಿರಾದರೆ ವ್ಯವಹಾರ ಮಾಡಬಹುದು, ಕೆಂಪಾದರೆ ಕೂಡದು. ಕೆಂಪನ್ನು ದಾಟಿಸಲೇಬೇಕೆಂದರೆ ಕಾರಣ ಬರೆಯಬೇಕು. ಉಳಿದವರು ಆ ಜಾಗದಲ್ಲಿ ಒಂದು ಚುಕ್ಕೆ ಒತ್ತಿ ಮುಂದೆ ಹೋಗುತ್ತಿದ್ದರು. ಚಿಕ್ಕಮ್ಮ ಕೆಂಪನ್ನು ಕೆಂಪಾಗಿಯೇ ಬಿಡುವವಳು.

ಮತ್ತೆ ಪಾಸ್‌ವರ್ಡ್ ಹಾಕಿ ಒಳಹೊಗಲು ಹತ್ತು ನಿಮಿಷ ಹಿಡಿಯುತ್ತಿದ್ದುದರಿಂದ ಅಲ್ಲಿ ಯಾರೂ ಪರದೆ ಮುಚ್ಚಿ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಹೊಸ ಕನ್ನಡಕ ತರಲು ಹೋಗಿದ್ದಾಗ ಮ್ಯಾನೇಜರು ಅವಳ ಕುರ್ಚಿಯಲ್ಲಿ ಕೂತು, ಕೆಂಪಾಗಿದ್ದ ಒಂದು ಬ್ಯಾಂಕನ್ನು ದಾಟಿಸಿದರು. ನಾಲ್ಕನೆಯ ದಿನ ಆ ಬ್ಯಾಂಕು ದಿವಾಳಿಯೆದ್ದಿತು, ಕಳಿಸಿದ ಹಣ ಮುಳುಗಿತು.

ವಿಚಾರಣೆಯಲ್ಲಿ ಕಂಪ್ಯೂಟರು ತೋರಿಸಿದ್ದು ಚಿಕ್ಕಮ್ಮನ ಹೆಸರನ್ನು. "ಪಾಪ, ಅವರಿಗೆ ಕಣ್ಣು ಸರಿ ಇರ್ಲಿಲ್ಲ, ಕೈತಪ್ಪಿರಬೇಕು," ಎಂದರು ಮ್ಯಾನೇಜರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಒಂಬತ್ತು ಮಂದಿ ಸಹೋದ್ಯೋಗಿಗಳು, ಅವಳು ಕುರ್ಚಿ ಬಿಟ್ಟು ಏಳಲೇ ಇಲ್ಲವೆಂದು ಸಹಿ ಹಾಕಿದರು. ಅವಳನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಹಾಕಿದರು.

"ಬಿಟ್ಬಿಡೇ, ದೇವರು ನೋಡ್ಕೋತಾನೆ," ಅಂದಳು ನನ್ನ ಅಮ್ಮ.

"ದೇವರಿಗೆ ಬೇಕಾದಷ್ಟು ಕೆಲಸ ಇದೆ ಅಕ್ಕ. ಇದು ನಂದು."

ಮೂರನೆಯ ವರ್ಷ, ಹರಿದು ಹಾಕಲೆಂದು ಕೆಳಗೆ ಬಂದ ಕಟ್ಟುಗಳಲ್ಲಿ ಒಳಹೊರಗೆ ಹೋಗುವವರ ಕಾರ್ಡು ನೋಡಿ ಹೊತ್ತು ಬರೆದಿಡುವ ಮುಂಬಾಗಿಲಿನ ಯಂತ್ರದ ಹಾಳೆಗಳು ಸಿಕ್ಕವು. ಆ ಮಧ್ಯಾಹ್ನ ಅವಳ ಕಾರ್ಡು ಒಂದು ಹದಿನೆಂಟಕ್ಕೆ ಹೊರಗೆ, ಎರಡು ಐದಕ್ಕೆ ಒಳಗೆ. ಕೆಂಪು ದಾಟಿದ್ದು ಒಂದು ನಲವತ್ತಕ್ಕೆ. ಬಣ್ಣದ ಯಂತ್ರ ವಿದೇಶಿ ವಿಭಾಗದ್ದು, ಬಾಗಿಲಿನದು ಕಾವಲಿನವರದು. ಮುನಿಸಿಕೊಂಡ ಓರಗಿತ್ತಿಯರ ಹಾಗೆ, ಒಂದೇ ಸೂರಿನಡಿ ಇದ್ದೂ ಅವಕ್ಕೆ ಮಾತುಕತೆ ಇರಲಿಲ್ಲ. ವಿಚಾರಣೆಯವರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಆ ಹಾಳೆಯನ್ನು ಅಂದೇ ಮೇಲಿನವರಿಗೆ ಕೊಡಬಹುದಿತ್ತು. ಕೊಡಲಿಲ್ಲ. "ಈಗ ಕೊಟ್ರೆ ಒಂದು ಛೀಮಾರಿ ಅಷ್ಟೇ. ಆ ಮ್ಯಾನೇಜರು ಇನ್ನಷ್ಟು ಮೇಲೆ ಹತ್ತಲಿ," ಅಂದಳು. ನಾಲ್ಕು ವರ್ಷ ಕಾದಳು.

ವಿದೇಶಿ ಶಾಖೆಗಳಿಗೆಲ್ಲ ಮುಖ್ಯಸ್ಥನಾಗುವ ಸರದಿ ಮ್ಯಾನೇಜರಿಗೆ ಬಂತು. ಆಯ್ಕೆ ಸಮಿತಿ ಅವರ ಹಿಂದಿನ ನಿರ್ಧಾರಗಳ ಕಡತ ಕೇಳಿತು. ಜೋಡಿಸಬೇಕಾದವಳು ಚಿಕ್ಕಮ್ಮ.

ಮ್ಯಾನೇಜರೇ ನೆಲಮಾಳಿಗೆಗೆ ಇಳಿದು ಬಂದರು. "ಏನು ಕೆಂಪಮ್ಮನೋರೇ, ಇಲ್ಲಿ ತಂಪಾಗಿದೆಯಲ್ಲ! ನನ್ನ ಫೈಲು ರೆಡಿನಾ? ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ."

"ಮನಸ್ಸಲ್ಲಿ ಇಲ್ಲ ಸಾರ್, ಫೈಲಲ್ಲಿ ಇಟ್ಟಿದೀನಿ. ಮೊದಲನೇ ಹಾಳೆ."

ಓದಿದರು. ಸ್ಟೂಲು ಎಳೆದುಕೊಂಡು ಕೂತರು. "ಅಮ್ಮಾ, ನನಗೆ ಇನ್ನೆರಡೇ ವರ್ಷ ಸರ್ವೀಸು."

"ಗೊತ್ತು. ಅದಕ್ಕೇ ಕಾದೆ."

ಅವರ ಬೆರಳು ಹಾಳೆಯ ಮೂಲೆ ಹಿಡಿಯಿತು.

"ಕಿತ್ಕೊಳ್ಳಿ ಸಾರ್. ನಕಲು ಸಮಿತಿಯ ಐದೂ ಜನಕ್ಕೆ ಬೆಳಿಗ್ಗೆನೇ ಹೋಗಿದೆ."

ಬಾಗಿಲಿನ ಹಾಳೆ ಕಂಡದ್ದೇ, ಸಹಿ ಹಾಕಿದ್ದವರಲ್ಲಿ ಇಬ್ಬರ ನಾಲಿಗೆ ಸಡಿಲವಾಯಿತು. ಮ್ಯಾನೇಜರನ್ನು ಮನೆಗೆ ಕಳಿಸಿದರು. ಚಿಕ್ಕಮ್ಮ ನಿರ್ದೋಷಿ ಎಂಬ ಆದೇಶ ಬಂತು.

ಅವಳು ಅದರ ಒಂಬತ್ತು ನಕಲು ತೆಗೆಸಿದಳು. ಸಹಿ ಹಾಕಿದ ಒಬ್ಬೊಬ್ಬರ ಮನೆ ವಿಳಾಸವನ್ನೂ ಲಕೋಟೆಗಳ ಮೇಲೆ ದುಂಡಗೆ ಬರೆದಳು. ಅವರಲ್ಲೊಬ್ಬರು ತೀರಿಕೊಂಡು ವರ್ಷವಾಗಿತ್ತು.

"ಅದೊಂದು ಬೇಡ ಕಣೇ," ಅಂದಳು ಅಮ್ಮ. "ಹೆಂಡತಿ ಓದ್ತಾಳೆ."

ಚಿಕ್ಕಮ್ಮ ಆ ಲಕೋಟೆಯನ್ನು ಕೈಗೆತ್ತಿಕೊಂಡಳು.

"ನನ್ನ ಗಂಡಾನೂ ಓದಿದ್ರು ಅಕ್ಕ, ತಪ್ಪು ನಂದೇ ಅಂದ ಆವತ್ತಿನ ಆದೇಶಾನ. ಓದಿ, 'ನಿಜವಾಗ್ಲೂ ನೀನಲ್ವಾ' ಅಂತ ಕೇಳಿದ್ರು," ಎಂದು ಅಂಚೆಚೀಟಿ ಅಂಟಿಸಿದಳು.